ಗುಳ್ಳೆ ಎದ್ದ ಜಾಗ

ಬೆಳಿಗ್ಗೆ ಬಟ್ಟೆ ನೆನೆಹಾಕಿ, ಒಲೆಯ ಮೇಲಿನ ಹಾಲು ನೋಡಿ ಬರುವಷ್ಟರಲ್ಲಿ ಬಕೆಟ್ಟಿನಲ್ಲಿದ್ದ ಸೋಪಿನ ನೀರು ಅರ್ಧಕ್ಕಿಳಿದಿತ್ತು. ಬಕೆಟ್ಟು ತೂತಾಗಿದೆಯೇನೋ ಎಂದು ಎತ್ತಿ ನೋಡಿದೆ. ಇಲ್ಲ. ಬಟ್ಟೆ ಉಜ್ಜುವ ಬ್ರಷ್ಷೂ ಕಾಣಲಿಲ್ಲ. ನೊರೆಯ ಹನಿಗಳು ನೆಲದ ಮೇಲೆ ಸಾಲಾಗಿ ಹಿಂದಿನ ವರಾಂಡದ ಕಡೆ ಹೋಗಿದ್ದವು. ಕೈ ಒರೆಸಿಕೊಂಡು ಅವುಗಳ ಹಿಂದೆಯೇ ಹೋದೆ.

ವರಾಂಡದಲ್ಲಿ ನನ್ನ ಮಗಳು ಮಂಡಿಯೂರಿ ಕೂತಿದ್ದಳು. ಎಂಟು ವರ್ಷದವಳು. ಹುಟ್ಟಿದಾಗಲೇ ಕಣ್ಣು ದುಂಡಗೆ ಹೊಳೆಯುತ್ತಿದ್ದುದರಿಂದ ಮನೆಯಲ್ಲಿ ಅವಳು ಗೋಲಿ. ಅವಳ ಮುಂದೆ ಅವರಪ್ಪನ ಹಳೆಯ ಮಳೆಕೋಟು ಅಂಗಾತ ಬಿದ್ದಿತ್ತು. ತೋಳಿನ ತುದಿಗಳಿಗೆ ತನ್ನ ಜಡೆಯ ರಿಬ್ಬನ್ ಬಿಗಿದು ಕಟ್ಟಿದ್ದಳು. ಗುಂಡಿಗಳನ್ನೆಲ್ಲ ಹಾಕಿ, ಕೆಳಗಿನ ಅಂಚು ಮಡಚಿ, ಅದರ ಮೇಲೆ ಎರಡು ಇಟ್ಟಿಗೆ ಹೇರಿ, ಕತ್ತಿನ ಜಾಗಕ್ಕೆ ಬಾಯಿಟ್ಟು ಊದುತ್ತಿದ್ದಳು. ಊದಿದ ಗಾಳಿಯೆಲ್ಲ ಗುಂಡಿಗಳ ಸಂದಿಯಿಂದ ಬುಸ್ಸೆಂದು ಹೊರಗೆ ಬರುತ್ತಿತ್ತು. ಆದರೂ ಬಿಡದೆ, ಒಂದು ಕೈಯಲ್ಲಿ ಬ್ರಷ್ ಹಿಡಿದು ಕಂಕುಳಿನ ಹೊಲಿಗೆಗೆ ಸೋಪಿನ ನೀರು ಬಳಿಯುತ್ತಿದ್ದಳು. ಕೋಟಿನ ಮೇಲೆ ಅಲ್ಲಲ್ಲಿ ಸೀಮೆಸುಣ್ಣದ ಸೊನ್ನೆಗಳಿದ್ದವು.

ಅತ್ತೆ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. "ನೋಡಮ್ಮ ನಿನ್ನ ಮಗಳನ್ನ. ಕೋಟಿಗೆ ಸ್ನಾನ ಮಾಡಿಸ್ತಿದ್ದಾಳೆ. ತನ್ನನ್ನ ಸ್ನಾನಕ್ಕೆ ಕರೆದ್ರೆ ಮಾತ್ರ ಕೈಗೆ ಸಿಗಲ್ಲ."

ನನಗೂ ನಗು ಬಂತು. ಅವಳು ಮಾಡುತ್ತಿದ್ದುದು ನನ್ನದೇ ಕೆಲಸದ ಅಣಕು.

ನಮ್ಮ ಊರಿನ ಬಂದರಿನ ಪಕ್ಕದಲ್ಲಿ ಒಂದು ತರಬೇತಿ ಕೇಂದ್ರವಿದೆ. ಹಡಗಿಗೆ ಹೋಗುವವರು ಹೊರಡುವ ಮುಂಚೆ ಅಲ್ಲಿ ಬಂದು, ಹಡಗು ಕೈಕೊಟ್ಟರೆ ಸಮುದ್ರದಲ್ಲಿ ಜೀವ ಉಳಿಸಿಕೊಳ್ಳುವುದು ಹೇಗೆಂದು ಕಲಿಯುತ್ತಾರೆ. ಅವರು ತೊಡುವ ಸೂಟುಗಳ ಜವಾಬ್ದಾರಿ ನನ್ನದು. ಸೂಟೆಂದರೆ ಮದುವೆಗೆ ಹಾಕಿಕೊಂಡು ಹೋಗುವಂಥದ್ದಲ್ಲ. ತಲೆಯಿಂದ ಕಾಲಿನ ಬೆರಳಿನವರೆಗೆ ಒಂದೇ ತುಂಡಿನ, ಕಿತ್ತಳೆ ಬಣ್ಣದ ದಪ್ಪ ರಬ್ಬರಿನ ಉಡುಪು. ಹಾಕಿಕೊಂಡವರ ಮುಖವಷ್ಟೇ ಹೊರಗೆ ಕಾಣುತ್ತದೆ. ಮಂಜಿನಂಥ ನೀರಿಗೆ ಬಿದ್ದರೂ ಅದರೊಳಗೆ ಮೈ ಬೆಚ್ಚಗಿರುತ್ತದೆ, ಎಲ್ಲಿಯೂ ಸಣ್ಣ ತೂತು ಇಲ್ಲದಿದ್ದರೆ. ಆ ತೂತು ಹುಡುಕುವುದೇ ನನ್ನ ಕೆಲಸ. ಮುಖದ ಜಾಗಕ್ಕೆ ಮುಚ್ಚಳ ಬಿಗಿದು, ಒಳಗೆ ಗಾಳಿ ತುಂಬಿ, ಹೊರಗೆ ಸೋಪಿನ ನೀರು ಬಳಿಯುತ್ತೇನೆ. ಗುಳ್ಳೆ ಎದ್ದ ಜಾಗಕ್ಕೆ ಸೀಮೆಸುಣ್ಣದಿಂದ ಸೊನ್ನೆ ಹಾಕುತ್ತೇನೆ. ಆಮೇಲೆ ತೊಳೆದು, ಒಣಗಿಸಿ, ಅಂಟು ಹಚ್ಚಿ ತೇಪೆ ಕೂರಿಸುತ್ತೇನೆ. ಸೂಜಿ ತಾಗಿಸುವ ಹಾಗಿಲ್ಲ. ಸೂಜಿ ಚುಚ್ಚಿದರೆ ಅದೇ ಇನ್ನೊಂದು ತೂತು. ನಾಲ್ಕು ವರ್ಷ ಹೊಲಿಗೆ ಕಲಿತು, ಸೂಜಿಯನ್ನೇ ಮುಟ್ಟದ ದರ್ಜಿ ಈ ಊರಿಗೆಲ್ಲ ನಾನೊಬ್ಬಳೇ.

"ಗೋಲಿ, ಏನು ಮಾಡ್ತಿದ್ದೀಯ ಕಂದ?" ಎಂದೆ.

"ಏನಿಲ್ಲ."

"ಅಪ್ಪನ ಕೋಟು ತೂತಾಗಿದೆಯಾ?"

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಬಾಯಿ ಸ್ವಲ್ಪ ತೆರೆಯಿತು. ತುಟಿಯವರೆಗೆ ಬಂದ ಮಾತು ಏನೋ ನೆನಪಾದಂತೆ ಒಳಗೆ ಹೋಯಿತು. "ಏನಿಲ್ಲಮ್ಮ," ಎಂದು ಮತ್ತೆ ಊದತೊಡಗಿದಳು.

ನನ್ನ ನಗು ಅಲ್ಲಿಗೇ ನಿಂತಿತು. ಆ 'ಏನಿಲ್ಲ' ಎರಡು ತಿಂಗಳಿನಿಂದ ನಮ್ಮ ಮನೆಯಲ್ಲಿದೆ. ಅವರಪ್ಪ ದೂರದ ಸಮುದ್ರದಲ್ಲಿ, ಒಂದು ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡುತ್ತಾರೆ. ಪ್ರತಿ ಭಾನುವಾರ ಫೋನ್ ಬರುತ್ತದೆ. ಮೊದಲೆಲ್ಲ ಗೋಲಿ ನನ್ನ ಕೈಯಿಂದ ಫೋನ್ ಕಿತ್ತುಕೊಳ್ಳುತ್ತಿದ್ದಳು. ಬಿದ್ದ ಹಲ್ಲಿನಿಂದ ಹಿಡಿದು ಗೆಳತಿಯ ಜೊತೆಗಿನ ಟೂ ವರೆಗೆ ಎಲ್ಲ ವರದಿಯೂ ಒಪ್ಪಿಸಬೇಕಿತ್ತು. ಈಗ ಎಂಟು ಭಾನುವಾರದಿಂದ ಫೋನ್ ಗಂಟೆ ಹೊಡೆದರೆ ಸಾಕು, ಮಂಚದ ಕೆಳಗೆ ಸೇರಿಕೊಳ್ಳುತ್ತಾಳೆ. "ಬಾಯಿ ಬಿಟ್ರೆ ಮುತ್ತು ಉದುರುತ್ತೇನೇ?" ಎಂದು ಅತ್ತೆ ಗದರಿದರು, ಮುದ್ದು ಮಾಡಿದರು. ಹಡಗಿನಿಂದ ಅವರಪ್ಪ, "ನನ್ನ ಮೇಲೆ ಕೋಪಾನಾ ಅವಳಿಗೆ?" ಎಂದು ಕೇಳಿದಾಗ ಅವರ ದನಿ ಸಣ್ಣಗಾಗಿತ್ತು. ಕೋಪವಲ್ಲ. ಅವಳು ಏನನ್ನೋ ಕೇಳಬೇಕೆಂದಿದ್ದಾಳೆ, ಕೇಳಲು ಹೆದರುತ್ತಿದ್ದಾಳೆ. ತಾಯಿಗೆ ಅಷ್ಟು ಗೊತ್ತಾಗುತ್ತದೆ. ಒತ್ತಾಯ ಮಾಡಬಾರದು ಎಂದುಕೊಂಡಿದ್ದೆ. ಮುಷ್ಟಿಯನ್ನು ಬಲವಂತವಾಗಿ ಬಿಡಿಸಿದರೆ ಮಗು ಒಳಗಿರುವುದನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ.

ಅಷ್ಟರಲ್ಲಿ ಒಳಗೆ ಫೋನ್ ಬಡಿದುಕೊಂಡಿತು. ಗೋಲಿ ಬೆಚ್ಚಿದಳು. ಭಾನುವಾರವಲ್ಲವೆಂದು ನೆನಪಾಗಿ ಮತ್ತೆ ಕೂತಳು.

ಕೇಂದ್ರದ ಸೀಟಿ ಮಾಮ. ಮೂವತ್ತು ವರ್ಷ ಹಡಗಿನಲ್ಲಿ ದುಡಿದು ಈಗ ಅಲ್ಲಿನ ಅಭ್ಯಾಸದ ಕೊಳದ ಮೇಷ್ಟ್ರಾಗಿರುವವರು. ಕತ್ತಿನಲ್ಲಿ ಸೀಟಿ ಇಲ್ಲದೆ ಅವರನ್ನು ಕಂಡವರಿಲ್ಲ. "ಅಮ್ಮಾ ತಾಯಿ, ಬೇಗ ಬಾ. ಅತಿಥಿಗಳು ಒಂದು ದಿನ ಮೊದಲೇ ಬಂದು ಇಳಿದುಬಿಟ್ಟಿದ್ದಾರೆ. ಬಾಗಿಲಲ್ಲಿ ಕಿತ್ತಳೆ ಗುಡ್ಡ ಬಿದ್ದಿದೆ!"

ಶಾಲೆಗೆ ರಜೆ. ಬಟ್ಟೆಯನ್ನು ಅತ್ತೆಗೆ ಒಪ್ಪಿಸಿ, ಗೋಲಿಯ ಕೈ ಹಿಡಿದು ಹೊರಟೆ. "ಹೋಗಿ, ಹೋಗಿ," ಎಂದರು ಅತ್ತೆ, "ನಾನು ಈ ಕೋಟಿಗೆ ತಲೆ ಒರೆಸಿ ಮಲಗಿಸ್ತೀನಿ."

ಎರಡು ವರ್ಷಕ್ಕೊಮ್ಮೆ ನಾಲ್ಕು ದೇಶಗಳ ತರಬೇತಿ ಕೇಂದ್ರದವರು ಒಂದು ಕಡೆ ಸೇರಿ ಒಂದು ವಾರ ಜೊತೆಯಾಗಿ ಅಭ್ಯಾಸ ಮಾಡುತ್ತಾರೆ. ಈ ಸಲ ನಮ್ಮ ಸರದಿ. ಈ ಕೂಟಕ್ಕೆ ಒಂದು ಪದ್ಧತಿ ಇದೆ: ಯಾರೂ ತಮ್ಮ ಸೂಟುಗಳನ್ನು ತಾವು ಪರೀಕ್ಷಿಸುವಂತಿಲ್ಲ. ಒಂದು ದೇಶದವರದನ್ನು ಇನ್ನೊಂದು ದೇಶದವರು ನೋಡಬೇಕು. ತನ್ನ ಬೆನ್ನು ತನಗೆ ಕಾಣುವುದಿಲ್ಲವಲ್ಲ. ಇನ್ನೊಂದು ನಿಯಮ: ಬೇರೆಯವರು ತೇಪೆ ಹಾಕಿಕೊಟ್ಟ ತನ್ನ ಸೂಟನ್ನು ತಾನೇ ತೊಟ್ಟು ನೀರಿಗೆ ಹಾರಬೇಕು. ಈ ಎರಡನೆಯ ನಿಯಮವನ್ನು ನಾನು ಓದಿದ್ದೆ. ಅದು ಮೇಷ್ಟ್ರುಗಳಿಗೆ, ನನ್ನಂಥವಳಿಗಲ್ಲ ಎಂದುಕೊಂಡಿದ್ದೆ.

ನನ್ನ ಕೋಣೆಯಲ್ಲಿ ಆಗಲೇ ಒಬ್ಬ ಹೆಂಗಸು ತೋಳು ಮಡಚಿ ನಿಂತಿದ್ದಳು. ಬಾಗಿಲಿನಷ್ಟು ಎತ್ತರ, ಅದರಷ್ಟೇ ಅಗಲ. ಚಳಿ ದೇಶದವಳು, ಅಲ್ಲಿ ನನ್ನದೇ ಕೆಲಸ ಮಾಡುವವಳು. ವಯಸ್ಸಿನಲ್ಲಿ ಹತ್ತು ವರ್ಷ ದೊಡ್ಡವಳಿರಬಹುದು. ಗೋಲಿ ಮೆಲ್ಲಗೆ "ದೊಡ್ಡಕ್ಕ" ಎಂದಳು, ಹೆಸರು ಅಂಟಿಕೊಂಡಿತು. ದೊಡ್ಡಕ್ಕನಿಗೆ ನಮ್ಮ ಭಾಷೆಯ ಒಂದೇ ಮಾತು ಬರುತ್ತಿತ್ತು, "ಚೆನ್ನಾಗಿದೆ". ನನಗೆ ಅವಳ ಭಾಷೆಯ ಒಂದೂ ಬರುತ್ತಿರಲಿಲ್ಲ. ಮಿಕ್ಕಿದ್ದನ್ನೆಲ್ಲ ಹಡಗಿನವರ ಹರುಕು ಇಂಗ್ಲಿಷಿನಲ್ಲಿ, ಕೈಸನ್ನೆಯಲ್ಲಿ ನಡೆಸಿದೆವು. ಕೋಣೆ ನೋಡಿ ಚೆನ್ನಾಗಿದೆ ಎಂದಳು. ಗೋಲಿಯ ಕೆನ್ನೆ ಹಿಂಡಿ ಚೆನ್ನಾಗಿದೆ ಎಂದಳು. ನಾನು ಸೋಪಿನ ನೀರು ಕಲಸಿಟ್ಟಾಗ ಬೆರಳದ್ದಿ ಉಜ್ಜಿ ನೋಡಿ, ಇನ್ನೊಂದು ಚಿಟಿಕೆ ಸೋಪು ಹಾಕಿ, ಆಮೇಲೆ ಚೆನ್ನಾಗಿದೆ ಎಂದಳು. ನಮ್ಮ ಅತ್ತೆಯ ಹಾಗೆಯೇ ಎಂದುಕೊಂಡೆ.

ಅವಳ ಸೂಟುಗಳು ನನ್ನ ಮೇಜಿಗೆ ಬಂದವು, ನನ್ನವು ಅವಳ ಮೇಜಿಗೆ. ಗಾಳಿ ತುಂಬಿದಂತೆ ಸೂಟುಗಳು ಕೈಕಾಲು ಚಾಚಿಕೊಂಡು ಉಬ್ಬಿದವು, ಊಟ ಜಾಸ್ತಿಯಾಗಿ ಮಲಗಿದ ನೆಂಟರ ಹಾಗೆ. ಗೋಲಿ ಮೂಲೆಯ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು. ದೊಡ್ಡಕ್ಕ ತಂದ ಆರನೆಯ ಸೂಟಿನ ಮೊಣಕೈಯಲ್ಲಿ ನನಗೆ ಗುಳ್ಳೆ ಸಿಕ್ಕಿತು, ಸಾಸಿವೆಯಷ್ಟು ಸಣ್ಣವು, ಒಂದರ ಹಿಂದೆ ಒಂದು. ನಾನು ಸೊನ್ನೆ ಹಾಕಿ ತೋರಿಸಿದೆ. ಅವಳು ಬಗ್ಗಿ ನೋಡಿ, ತನ್ನ ಹಣೆಗೆ ತಾನೇ ಹೊಡೆದುಕೊಂಡು ನಕ್ಕಳು.

ನನಗೆ ಒಳಗೊಳಗೇ ಸ್ವಲ್ಪ ಜಂಬ ಬಂತು. ಅದು ಹೆಚ್ಚು ಹೊತ್ತು ಇರಲಿಲ್ಲ.

"ಚೆನ್ನಾಗಿದೆ!" ಎಂದು ಆಚೆ ಮೇಜಿನಿಂದ ಕೂಗು.

ಹೋಗಿ ನೋಡಿದರೆ, ಮೂರು ವಾರದ ಹಿಂದೆ ನಾನೇ ಪರೀಕ್ಷಿಸಿ, ನಾನೇ ಸಹಿ ಹಾಕಿದ ಸೂಟಿನ ಎಡಗಾಲಿನ ಹೆಬ್ಬೆರಳ ತುದಿಯಲ್ಲಿ ಒಂದು ಗುಳ್ಳೆ ನಿಧಾನವಾಗಿ ಊದಿಕೊಳ್ಳುತ್ತಿತ್ತು. ಒಡೆಯಿತು. ಮತ್ತೊಂದು ಎದ್ದಿತು. ನನ್ನ ಮುಖ ಬಿಸಿಯಾಯಿತು. ನಾನು ಯಾವಾಗಲೂ ಸೂಟಿನ ಪಾದಗಳನ್ನು ಮೇಜಿನಂಚಿಗೆ ಒರಗಿಸಿ ಇಡುತ್ತೇನೆ, ಸೊಂಟ ಬಗ್ಗಿಸುವುದು ತಪ್ಪಲಿ ಎಂದು. ಮೇಜಿಗೆ ಒತ್ತಿಕೊಂಡ ಆ ತುದಿಗೆ ನನ್ನ ಬ್ರಷ್ ಎಷ್ಟು ವರ್ಷದಿಂದ ತಾಗಿಲ್ಲವೋ. ದೊಡ್ಡಕ್ಕ ಸೂಟನ್ನು ಎಳೆದು, ಪಾದಗಳು ಮೇಜಿನಿಂದ ಆಚೆ ತೂಗುವಂತೆ ಇಟ್ಟು ತೋರಿಸಿದಳು, ಹೀಗೆ ಎಂದು. ಬೈಯಲಿಲ್ಲ. ನನ್ನ ಬೆನ್ನು ತಟ್ಟಿ, ತಾನು ಮೊಣಕೈ ಮಡಚಿಡುವುದರಿಂದ ತನ್ನದು ಅಲ್ಲಿ ತಪ್ಪುತ್ತದೆ ಎಂದು ಅಭಿನಯಿಸಿದಳು.

ಹೆಬ್ಬೆರಳಿನ ಸುತ್ತ ಅವಳು ಸೀಮೆಸುಣ್ಣದಿಂದ ಸೊನ್ನೆ ಹಾಕುವಾಗ ನಾನು ತಲೆ ಎತ್ತಿದೆ. ಗೋಲಿ ಸ್ಟೂಲಿನಿಂದ ಇಳಿದು ನಿಂತಿದ್ದಳು. ಕಣ್ಣು ಆ ಸೊನ್ನೆಯ ಮೇಲೆಯೇ ಇತ್ತು. ಮುಖ ಸುಣ್ಣದಷ್ಟೇ ಬೆಳ್ಳಗಾಗಿತ್ತು.

ಆಗ ನೆನಪಾಯಿತು. ಬೆಳಗಿನ ಮಳೆಕೋಟು, ಕಂಕುಳಿನ ಸೊನ್ನೆಗಳು. ಅದಕ್ಕಿಂತ ಮೊದಲು, ಎರಡು ತಿಂಗಳ ಹಿಂದಿನ ಒಂದು ಸಂಜೆ. ಶಾಲೆ ಬಿಟ್ಟು ಅವಳು ಇಲ್ಲಿಗೇ ಬಂದು ಇದೇ ಸ್ಟೂಲಿನ ಮೇಲೆ ಮನೆಪಾಠ ಬರೆಯುತ್ತಿದ್ದಳು. ಒಂದು ಸೂಟಿನ ಕಂಕುಳಿನಲ್ಲಿ ನನಗೆ ಗುಳ್ಳೆ ಸಿಕ್ಕಿತ್ತು. ಸೀಟಿ ಮಾಮ ಇಣುಕಿ ನೋಡಿ, "ಅಯ್ಯೋ, ಇದನ್ನ ಹಾಕ್ಕೊಂಡು ಹಾರಿದ್ದಿದ್ರೆ ಮೀನುಗಳಿಗೆ ಹಬ್ಬ," ಎಂದಿದ್ದರು. ನಾನೂ ನಕ್ಕು, "ಮೂಳೆ ಕೂಡ ಉಳಿಸ್ತಿರಲಿಲ್ಲ," ಎಂದಿದ್ದೆ. ದಿನವೂ ಇದರ ನಡುವೆ ಇರುವವರು ಆಡುವ ಮಾತು, ಆಡಿ ಮರೆಯುವ ಮಾತು. ಮೂಲೆಯಲ್ಲಿ ಕೂತವಳಿಗೂ ಕಿವಿಯಿದೆ ಎಂದು ಹೊಳೆದಿರಲಿಲ್ಲ. ಅವಳಪ್ಪ ಹಡಗಿನಿಂದ ಕಳಿಸಿದ ಫೋಟೋದಲ್ಲಿ ಅಂಥದೇ ಸೂಟು ತೊಟ್ಟು ನಗುತ್ತಿರುವುದೂ ಹೊಳೆದಿರಲಿಲ್ಲ. ಅದರ ಮುಂದಿನ ಭಾನುವಾರವೇ ಅವಳು ಮೊದಲ ಸಲ ಮಂಚದ ಕೆಳಗೆ ಸೇರಿದ್ದು.

ಬ್ರಷ್ ಕೆಳಗಿಟ್ಟು ಅವಳ ಹತ್ತಿರ ಹೋದೆ. "ಗೋಲಿ, ಅವತ್ತು ನಾವು ಆಡಿದ್ದು ತಮಾಷೆ ಕಣೇ. ಕೆಟ್ಟ ತಮಾಷೆ. ತಪ್ಪು ನಂದು."

ಅವಳು ನನ್ನ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು.

"ಏನು ಕೇಳ್ಬೇಕೋ ಕೇಳು ಮಗಾ. ನಂಗೆ ಗೊತ್ತಿರೋದನ್ನ ಗೊತ್ತಿದ್ದ ಹಾಗೇ ಹೇಳ್ತೀನಿ. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂತೀನಿ."

ಸೆರಗು ಇನ್ನೊಂದು ಸುತ್ತು ಸುತ್ತಿತು. "ನಾಳೆ," ಎಂದಳು.

'ಏನಿಲ್ಲ' ಹೋಗಿ 'ನಾಳೆ' ಬಂದಿತ್ತು. ಅಷ್ಟಕ್ಕೇ ನನ್ನ ಎದೆ ಹಗುರಾಯಿತು.

ಮಧ್ಯಾಹ್ನ ಇಬ್ಬರೂ ತೇಪೆ ಹಾಕಲು ಕೂತೆವು. ದೊಡ್ಡಕ್ಕ ನನ್ನ ಸೂಟಿನ ಹೆಬ್ಬೆರಳಿಗೆ, ನಾನು ಅವಳ ಸೂಟಿನ ಮೊಣಕೈಗೆ. ನಾನು ತೇಪೆಯನ್ನು ಚೌಕವಾಗಿ ಕತ್ತರಿಸಿದರೆ ಅವಳು ನನ್ನ ಕೈಯಿಂದ ಕತ್ತರಿ ತೆಗೆದುಕೊಂಡು ಮೂಲೆಗಳನ್ನು ದುಂಡಗೆ ಮಾಡಿದಳು. ಮೂಲೆಯಿದ್ದರೆ ಅಲ್ಲಿಂದಲೇ ಸಿಪ್ಪೆ ಏಳುತ್ತದೆ. ಅವಳು ಅಂಟು ಹಚ್ಚಿದ ತಕ್ಷಣ ತೇಪೆ ಕೂರಿಸಲು ಹೋದರೆ ನಾನು ಅವಳ ಮಣಿಕಟ್ಟು ಹಿಡಿದೆ. ನಮ್ಮ ಕಡೆಯ ಹಸಿ ಗಾಳಿಯಲ್ಲಿ ಹತ್ತು ನಿಮಿಷ ಆರಲು ಬಿಡಬೇಕು. ಆ ಹತ್ತು ನಿಮಿಷ ಗೋಲಿ ಅವಳಿಗೆ ಬೆರಳು ಮಡಚಿ ಎಣಿಕೆ ಕಲಿಸಿದಳು. ಅವಳು ಐದರವರೆಗೆ ಬಂದು ಆರಕ್ಕೆ ಎಡವುತ್ತಿದ್ದಳು, ಗೋಲಿ ಶಾಲೆಯ ಟೀಚರ ಹಾಗೆ ಹುಬ್ಬು ಗಂಟಿಕ್ಕುತ್ತಿದ್ದಳು. ಎರಡು ತೇಪೆಗಳ ಮೇಲೂ ಭಾರ ಹೇರಿ, ಒಣಗಲು ಒಂದು ದಿನ ಬಿಟ್ಟು ಮನೆಗೆ ಬಂದೆವು.

ಮನೆಯಲ್ಲಿ ನಾನು ಎರಡನೆಯ ನಿಯಮದ ಸುದ್ದಿ ಹೇಳಿದಾಗ ಅತ್ತೆ ಬಾಯಿಗೆ ಕೈಯಿಟ್ಟುಕೊಂಡರು. "ನೀನು ಹಾರ್ತೀಯಾ? ಸ್ಟೂಲು ಹತ್ತಿ ಡಬ್ಬಿ ತೆಗೆಯೋಕೆ ನನ್ನ ಕೈ ಹಿಡ್ಕೊಳ್ಳೋಳು?"

"ಹಾರ್ಲೇಬೇಕಂತೆ ಅತ್ತೆ. ಸೀಟಿ ಮಾಮ ಪಟ್ಟಿಯಲ್ಲಿ ಹೆಸರು ಬರೆದುಬಿಟ್ಟಿದ್ದಾರೆ."

"ಹಾರು, ಹಾರು. ನನ್ನ ಮಗ ಸಮುದ್ರದಲ್ಲಿ, ಸೊಸೆ ಕೊಳದಲ್ಲಿ. ನಾನೊಬ್ಬಳೇ ನೆಲ ಕಾಯ್ತೀನಿ."

ಗೋಲಿ ನಗಲಿಲ್ಲ, ಆದರೆ ಆ ಮಾತನ್ನು ಗಮನವಿಟ್ಟು ಕೇಳಿಸಿಕೊಂಡಳು.

ಮಾರನೆಯ ದಿನ ಮಧ್ಯಾಹ್ನ ಕೊಳದ ಸುತ್ತ ನಾಲ್ಕು ದೇಶದವರೂ ಸೇರಿದ್ದರು. ನಾಲ್ಕು ಬಗೆಯ ಮಾತು, ನಾಲ್ಕು ಬಗೆಯ ನಗು. ನೀರಿನೊಳಗೆ ಮಾತ್ರ ಎಲ್ಲರಿಗೂ ಒಂದೇ ಸನ್ನೆ: ಅಂಗೈಯನ್ನು ನೆತ್ತಿಯ ಮೇಲಿಟ್ಟರೆ 'ನಾನು ಸರಿಯಾಗಿದ್ದೇನೆ' ಎಂದು. ಮೊದಲು ಹಡಗಿಗೆ ಹೋಗುವ ಹುಡುಗರು ಹಾರಿದರು. ಗಾಳಿ ತುಂಬಿದ ದುಂಡು ತೆಪ್ಪ ನಡುವೆ ತೇಲುತ್ತಿತ್ತು. ಸೀಟಿ ಮಾಮನ ಕಟ್ಟಪ್ಪಣೆ ಏನೆಂದರೆ, ತೆಪ್ಪ ಹತ್ತಿದವನು ತನ್ನ ದೇಶದವನನ್ನು ಮೊದಲು ಎಳೆದುಕೊಳ್ಳುವಂತಿಲ್ಲ, ಹತ್ತಿರದಲ್ಲಿ ಯಾರಿದ್ದಾರೋ ಅವರನ್ನು. ಒಬ್ಬ ಹುಡುಗ ದೂರದ ಗೆಳೆಯನಿಗೆ ಕೈ ಚಾಚಿದಾಗ ಸೀಟಿ ಕಿರುಚಿತು. "ಏಯ್! ನಿನ್ನ ಮೂಗಿನ ಕೆಳಗೆ ಒಬ್ಬ ಒದ್ದಾಡ್ತಿದ್ದಾನೆ, ನೀನು ನೆಂಟರನ್ನ ಹುಡುಕ್ತಿದ್ದೀಯಾ? ನೀರೇನು ಮದುವೆ ಮನೆಯಾ?"

ಆಮೇಲೆ ನಮ್ಮ ಸರದಿ.

ಸೂಟಿನೊಳಗೆ ಇಳಿಯುವುದೇ ಒಂದು ಸಾಹಸ. ಎಲ್ಲರಿಗೂ ಒಂದೇ ಅಳತೆ. ದೊಡ್ಡಕ್ಕನಿಗೆ ಕೈಗವಸಿನ ಹಾಗೆ ಕೂತಿತು, ನಾನು ಅದರೊಳಗೆ ಕಳೆದೇಹೋದೆ. ಮಂಡಿಯ ಹತ್ತಿರ ಇನ್ನೊಬ್ಬಳು ಕೂರುವಷ್ಟು ಜಾಗವಿತ್ತು. ಗೋಲಿ ನನ್ನ ಜಿಪ್ಪನ್ನು ಗಲ್ಲದವರೆಗೆ ಎಳೆದುಕೊಟ್ಟಳು. ಆಮೇಲೆ ಬಗ್ಗಿ, ನನ್ನ ಎಡಗಾಲಿನ ಹೆಬ್ಬೆರಳಿನ ತೇಪೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿದಳು. ಬಿಡಲಿಲ್ಲ. ಅದನ್ನು ನೋಡಿದ ದೊಡ್ಡಕ್ಕ ಮೊಣಕೈ ಚಾಚಿ ತನ್ನದನ್ನೂ ಪರೀಕ್ಷೆಗೊಡ್ಡಿದಳು. ಗೋಲಿ ಅದನ್ನೂ ಕೆರೆದಳು. "ಚೆನ್ನಾಗಿದೆ," ಎಂದಳು, ದೊಡ್ಡಕ್ಕನ ರಾಗದಲ್ಲೇ.

ಹಾರುವ ಹಲಗೆ ಎರಡಾಳು ಎತ್ತರದಲ್ಲಿತ್ತು. ಕೆಳಗೆ ನೋಡಬಾರದು, ಎದುರು ಗೋಡೆ ನೋಡಬೇಕು, ಒಂದು ಕೈಯಲ್ಲಿ ಮೂಗು ಮುಚ್ಚಿ, ಇನ್ನೊಂದನ್ನು ಎದೆಗೆ ಅಡ್ಡ ಹಿಡಿದು ಹೆಜ್ಜೆ ಮುಂದಿಡಬೇಕು. ಸಾವಿರ ಸಲ ಬೇರೆಯವರಿಗೆ ಹೇಳುವುದನ್ನು ಕೇಳಿದ್ದೇನೆ. ಕಾಲು ಮಾತ್ರ ಕೇಳಿಸಿಕೊಂಡಿರಲಿಲ್ಲ. ದೊಡ್ಡಕ್ಕ ಪಕ್ಕದಲ್ಲಿ ನಿಂತು ಎಣಿಸಿದಳು, ಗೋಲಿ ಕಲಿಸಿದ ಎಣಿಕೆಯಲ್ಲಿ. ಒಂದು, ಎರಡು, ಮೂರು, ನಾಲ್ಕು, ಐದು. ಆರಕ್ಕೆ ತಡವರಿಸಿದಳು. ಕೆಳಗಿನಿಂದ ಒಂದು ಸಣ್ಣ ದನಿ "ಆರು!" ಎಂದು ಕೂಗಿತು. ನಾನು ಹಾರಿದೆ.

ನೀರು ತಲೆಯ ಮೇಲೆ ಮುಚ್ಚಿಕೊಂಡಿತು, ಮತ್ತೆ ತೆರೆದುಕೊಂಡಿತು. ಸೂಟು ನನ್ನನ್ನು ತಾನೇ ಎತ್ತಿ ಅಂಗಾತ ಮಲಗಿಸಿತು, ತೊಟ್ಟಿಲಿನಲ್ಲಿಟ್ಟ ಹಾಗೆ. ಮೇಲೆ ತಗಡಿನ ಚಾವಣಿಯ ಸಂದಿನಲ್ಲಿ ಬಿಸಿಲಿನ ಗೆರೆಗಳು ಕಂಡವು. ಮುಖವೊಂದು ಬಿಟ್ಟು ಎಲ್ಲೂ ಒದ್ದೆಯಿಲ್ಲ. ಎಡಗಾಲಿನ ಹೆಬ್ಬೆರಳನ್ನು ಒಳಗೇ ಆಡಿಸಿ ನೋಡಿದೆ. ಒಣಗಿತ್ತು, ಬೆಚ್ಚಗಿತ್ತು. ನನ್ನ ಕಣ್ಣಿಗೆ ವರ್ಷಗಟ್ಟಲೆ ಬೀಳದ ಒಂದು ಜಾಗವನ್ನು, ನನ್ನ ಭಾಷೆಯ ಆರರಲ್ಲಿ ಎಡವುವ ಒಬ್ಬ ಹೆಂಗಸು ಕಂಡು, ಅಂಟು ಹಚ್ಚಿ, ಮೂಲೆ ದುಂಡಗೆ ಮಾಡಿ ಮುಚ್ಚಿದ್ದಳು. ಪಕ್ಕದಲ್ಲಿ ದೊಡ್ಡಕ್ಕ ಧೊಪ್ಪೆಂದು ಬಿದ್ದಳು. ಅವಳೆಬ್ಬಿಸಿದ ಅಲೆಗೆ ನಾನು ತೆಪ್ಪದವರೆಗೆ ಹೋಗಿ ವಾಪಸು ಬಂದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ನಾನು ಅಂಗೈಯನ್ನು ನೆತ್ತಿಯ ಮೇಲಿಟ್ಟೆ. ದೊಡ್ಡಕ್ಕ ಮೊಣಕೈ ಮಡಚಿ, ನನ್ನ ತೇಪೆಯಿದ್ದ ತೋಳನ್ನೇ ಎತ್ತಿ, ತಾನೂ ಇಟ್ಟಳು. ದಡದಲ್ಲಿ ಗೋಲಿ ನಮ್ಮಿಬ್ಬರನ್ನೂ ಒಬ್ಬೊಬ್ಬರಾಗಿ ನೋಡಿದಳು. ಎರಡು ತಿಂಗಳಿನಿಂದ ಈ ಕೊಳದ ಹತ್ತಿರವೂ ಸುಳಿಯದಿದ್ದವಳು ಈಗ ನೀರಿನ ಅಂಚಿಗೆ ಬಂದು ಕುಕ್ಕರಗಾಲಿನಲ್ಲಿ ಕೂತಿದ್ದಳು. ಮೆಲ್ಲಗೆ ತನ್ನ ಪುಟ್ಟ ಅಂಗೈಯನ್ನು ತನ್ನ ನೆತ್ತಿಯ ಮೇಲಿಟ್ಟುಕೊಂಡಳು.

ಸೀಟಿ ಮಾಮ ಪ್ರತಿ ಪಾಠದ ಕೊನೆಗೆ ಕೇಳುವ ಹಾಗೆ, ಕೈಯಲ್ಲಿದ್ದ ಕಾಗದ ಮಡಚುತ್ತ ಕೇಳಿದರು, "ಸರಿ. ಯಾರಿಗಾದ್ರೂ ಏನಾದ್ರೂ ಕೇಳೋದಿದೆಯಾ?" ಯಾರೂ ಯಾವತ್ತೂ ಏನೂ ಕೇಳುವುದಿಲ್ಲ. ಎಲ್ಲರಿಗೂ ಚಹಾದ ಅವಸರ. ಅವರು ಆಗಲೇ ತಿರುಗಿ ಹೊರಟಿದ್ದರು.

"ನಂದೊಂದಿದೆ ಮಾಮ."

ಅವರು ನಿಂತರು. ನಾಲ್ಕು ದೇಶದವರೂ ತಿರುಗಿ ನೋಡಿದರು. ನಾನು ನೀರಿನಲ್ಲೇ ತಲೆ ಎತ್ತಿದೆ, ಕಿವಿಯ ಹತ್ತಿರದ ರಬ್ಬರನ್ನು ಬದಿಗೆ ಸರಿಸಿಕೊಂಡೆ. ಗೋಲಿ ಕೇಳಿದ್ದು ಮಾಮನನ್ನಲ್ಲ. ಅವಳು ನನ್ನನ್ನು ನೋಡಿದಳು, ಆಮೇಲೆ ನನ್ನ ಪಕ್ಕದಲ್ಲಿ ತೇಲುತ್ತಿದ್ದ ದೊಡ್ಡಕ್ಕನನ್ನು. ಎರಡು ತಿಂಗಳು ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಒಂದೊಂದೇ ತುಣುಕಾಗಿ, ಕೊಳದ ಆಚೆ ದಡಕ್ಕೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ಅಮ್ಮಾ, ಇಲ್ಲಿನ ಸೂಟು ನೀನು ನೋಡ್ತೀಯ. ನಿಂದು ದೊಡ್ಡಕ್ಕ ನೋಡಿದ್ರು. ಅಪ್ಪಂದು ಅಷ್ಟು ದೂರ, ಹಡಗಲ್ಲಿದೆಯಲ್ಲಾ... ಅಪ್ಪನ ಸೂಟನ್ನ ಯಾರು ನೋಡ್ತಾರೆ?"